ಮೈಸೂರಿಗೆ ಹೋದಾಗ ಕುಕ್ಕರಹಳ್ಳಿ ಕೆರೆ ನೋಡಿ: ನೀರು ಬರೋ ದಾರಿಯನ್ನೂ ಗಮನಿಸಿ

ಮೈಸೂರು: ಆಸ್ಪತ್ರೆ, ಕೋರ್ಟು, ಅಂಗಡಿ ಸಾಮಾನು ಅಂತ ನಮ್ಮ ತಾಲ್ಲೂಕಿನವರು ವಾರಕ್ಕೊಮ್ಮೆಯಾದರೂ ಮೈಸೂರಿಗೆ ಹೋಗ್ತಾರೆ. ಕೆಲಸ ಬೇಗ ಮುಗಿದ್ರೆ ಎಲ್ಲರೂ ಅರಮನೆ, ಝೂ ಕಡೆಗೇ ಹೊರಡೋದು. ಆದರೆ ಹುಣಸೂರು ರಸ್ತೆಯ ಕಲಾಮಂದಿರದ ಹತ್ತಿರವೇ ಒಂದು ಕೆರೆ, ಅದರ ಆಚೆಗೆ ಶತಮಾನ ದಾಟಿದ ಒಂದು ಬಂಗಲೆ ಇದೆ. ಎರಡನ್ನೂ ಅರ್ಧ ದಿನದಲ್ಲಿ ನೋಡಬಹುದು.

ಕೆರೆ ಕಟ್ಟಿಸಿದ್ದು ಯಾಕೆ?

ಕುಕ್ಕರಹಳ್ಳಿ ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದರು. ಆಗ ಉದ್ದೇಶ ವಾಕಿಂಗ್ ಅಲ್ಲ, ಊರಾಚೆಯ ಜಮೀನಿಗೆ ನೀರು. ಈಗ ಸುತ್ತಲೂ ಮರದ ನೆರಳಿನ ಕಾಲುದಾರಿ ಇದೆ. ನೀರಿನ ಮೇಲೆ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಕಾಣಸಿಗುತ್ತವೆ. ಕುವೆಂಪು ಅವರು ನಡೆದಾಡುತ್ತಿದ್ದ ಕೆರೆ ಏರಿಯೂ ಇದೇ.

ಬಂಗಲೆ ಯಾರದು?

ಕೆರೆಯ ಪಶ್ಚಿಮಕ್ಕೆ ಮಾನಸಗಂಗೋತ್ರಿ ಕ್ಯಾಂಪಸ್. ಅಲ್ಲಿರೋದೇ ಜಯಲಕ್ಷ್ಮಿ ವಿಲಾಸ. ಚಾಮರಾಜ ಒಡೆಯರ್ ಅವರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿ ಅವರಿಗಾಗಿ 1905ರಲ್ಲಿ ಕಟ್ಟಿದ್ದು. 1959ರಲ್ಲಿ, ಕುವೆಂಪು ಕುಲಪತಿಯಾಗಿದ್ದಾಗ, ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡುಕೊಂಡಿತು. ಮುಂದೆ ಇಲ್ಲಿ ಜಾನಪದ ವಸ್ತುಸಂಗ್ರಹಾಲಯ ನಡೆಯಿತು. ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಹಳ್ಳಿಮನೆಯ ಪಾತ್ರೆ-ಪಡಗ ಇದ್ದ ಜಾಗ ಇದು. ಆಮೇಲೆ ಕಟ್ಟಡ ಶಿಥಿಲವಾಯಿತು. ಹಾಗಾಗಿ ಒಳಗೆ ಬಿಡ್ತಾರೋ ಇಲ್ವೋ ಅಂತ ಮೊದಲೇ ಕೇಳಿಕೊಂಡು ಹೋಗಿ. ಹೊರಗಿನಿಂದ ಕಂಬಗಳು, ಮರದ ಕೆತ್ತನೆ ನೋಡಿದರೂ ಹೋಗಿದ್ದಕ್ಕೆ ಮೋಸವಿಲ್ಲ.

ನೀರು ಹಸಿರಾಗೋದು ಹೇಗೆ?

ಕೆರೆ ತಾನಾಗಿ ತುಂಬಲ್ಲ, ಕಾಲುವೆ ತುಂಬಿಸಬೇಕು. ಹಿಂದೆ ಪೂರ್ಣಯ್ಯ ನಾಲೆ ಮಳೆನೀರನ್ನು ಈ ಕೆರೆಗೆ ತರುತ್ತಿತ್ತು. ನಗರ ಬೆಳೆದಂತೆ ನಾಲೆ ಅಲ್ಲಲ್ಲಿ ಒತ್ತುವರಿಯಾಯಿತು, ಮಳೆನೀರಿನ ಜಾಗಕ್ಕೆ ಚರಂಡಿ ನೀರು ಬಂತು. ಕೊಳಚೆಯಲ್ಲಿ, ಸೋಪಿನ ನೀರಿನಲ್ಲಿ ಗೊಬ್ಬರದ ಅಂಶ ಜಾಸ್ತಿ. ಅದನ್ನು ತಿಂದು ಪಾಚಿ ಹಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಮೀನು ಸಾಯುತ್ತದೆ. ಮೀನಿಲ್ಲದ ಕೆರೆಗೆ ಹೆಜ್ಜಾರ್ಲೆ ಯಾಕೆ ಬರುತ್ತೆ?

ಇದು ಮೈಸೂರಿನ ಕಥೆ ಮಾತ್ರ ಅಲ್ಲ. ನಮ್ಮೂರ ಕೆರೆಗೂ ಒಂದು ಕಾಲುವೆ ಇದೆ. ಅಂಗಡಿ ಬಾಗಿಲು ಹಾಕುವಾಗ ಗುಡಿಸಿದ ಕಸ, ಕವರ್, ಹೋಟೆಲ್‌ನ ಎಣ್ಣೆನೀರು ಮುಂದಿನ ಚರಂಡಿಗೆ ಹೋದರೆ ಕೊನೆಗೆ ಸೇರೋದು ಎಲ್ಲಿಗೆ ಅಂತ ಒಮ್ಮೆ ಚರಂಡಿ ಹಿಡಿದು ನಡೆದು ನೋಡಿ. ಕಾಲುವೆ ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ಮೊದಲು ನುಗ್ಗೋದೂ ಪೇಟೆ ಬೀದಿಗೇ.

ಹೋಗೋರಿಗೆ ಸೂಚನೆ

* ಬೆಳಗ್ಗೆ ಬೇಗ ಅಥವಾ ಸಂಜೆ ಹೋಗಿ. ನಡುಮಧ್ಯಾಹ್ನ ಗೇಟ್ ಹಾಕಿರಬಹುದು.
* ಪೂರ್ತಿ ಸುತ್ತಲು ಒಂದು ಗಂಟೆಗೂ ಹೆಚ್ಚು ಬೇಕು. ವಯಸ್ಸಾದವರಿದ್ದರೆ ಅರ್ಧ ದಾರಿ ಸಾಕು.
* ಮನೆಯಿಂದಲೇ ಬಾಟಲಿಯಲ್ಲಿ ನೀರು ಒಯ್ಯಿರಿ. ಕವರ್, ಖಾಲಿ ಬಾಟಲಿ ವಾಪಸ್ ತನ್ನಿ.
* ಹಕ್ಕಿ, ಮೀನಿಗೆ ಬ್ರೆಡ್, ಮಂಡಕ್ಕಿ ಹಾಕಬೇಡಿ. ಉಳಿದದ್ದು ನೀರಲ್ಲೇ ಕೊಳೆಯುತ್ತದೆ.
* ಮಕ್ಕಳನ್ನು ನೀರಿನ ಅಂಚಿಗೆ ಬಿಡಬೇಡಿ.