ಮೈಸೂರಿನ ಯೆಜ್ಡಿ, ಮುರ್ಮುಗಾಂವಿನ ಉಪ್ಪುಗಾಳಿ

ಬಂದರಿನ ಊರಿನಲ್ಲಿ ಕಬ್ಬಿಣಕ್ಕೆ ಆಯುಷ್ಯ ಕಡಿಮೆ. ಮುರ್ಮುಗಾಂವ್, ವಾಸ್ಕೋ, ಬಾಯ್ನಾಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು, ಸೈಕಲ್ಲಿನ ಸರಪಳಿಗಳೇ ಇದಕ್ಕೆ ಸಾಕ್ಷಿ. ಇಂಥ ಗಾಳಿಯಲ್ಲಿ ತಂದೆಯ ಕಾಲದ ಯೆಜ್ಡಿ ಮೋಟಾರ್ ಸೈಕಲೊಂದು ತಾಡಪತ್ರಿಯಡಿ ಉಳಿದಿದ್ದರೆ, ಅದನ್ನು ಎಬ್ಬಿಸಿ ಮಣ್ಣಿನ ದಿಬ್ಬಗಳ ಮೇಲೆ ಓಡಿಸಬೇಕೆಂಬ ಆಸೆ ಮನೆಯ ಹುಡುಗನಿಗೆ ಹುಟ್ಟುವುದು ಸಹಜ. ಆಸೆ ತಪ್ಪಲ್ಲ, ಆದರೆ ಗರಗಸವನ್ನು ಕೈಗೆತ್ತಿಕೊಳ್ಳುವ ಮೊದಲು ಅವನು ತಿಳಿಯಬೇಕಾದ ಕೆಲವು ಸಂಗತಿಗಳಿವೆ.

ಚೆಕೊಸ್ಲೊವಾಕಿಯದ ಜಾವಾ ಸಂಸ್ಥೆಯ ಪರವಾನಗಿ ಪಡೆದ ಐಡಿಯಲ್ ಜಾವಾ ಕಾರ್ಖಾನೆಯು ಮೈಸೂರಿನಲ್ಲಿ ೧೯೬೧ರಲ್ಲಿ ತಯಾರಿಕೆಯನ್ನು ಆರಂಭಿಸಿತು. ೧೯೭೩ರಿಂದ ಅದರ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ೨೦೨೨ರಲ್ಲಿ ಅದೇ ಹೆಸರಿನಿಂದ ಮರಳಿದ ಗಾಡಿಗಳು ನಾಲ್ಕು ಸ್ಟ್ರೋಕಿನವು, ಬೇರೆಯವೇ. ಆದುದರಿಂದ ಮೈಸೂರಿನ ಗಾಡಿಗಳ ಸಂಖ್ಯೆ ಇನ್ನು ಇಳಿಯಬಲ್ಲುದೇ ಹೊರತು ಏರಲಾರದು.

ಮಣ್ಣಿನ ಓಟ ಈ ವಂಶಕ್ಕೆ ಹೊಸದೇನಲ್ಲ. ಜಾವಾದ ಸೋದರ ಸಂಸ್ಥೆಯಾದ ಸಿ.ಝೆಡ್.ನ ಎರಡು ಸ್ಟ್ರೋಕಿನ ಗಾಡಿಯೇರಿ ಬೆಲ್ಜಿಯಮ್ಮಿನ ಜೋಯಲ್ ರೋಬೆರ್ ೧೯೬೪ರಲ್ಲಿ ೨೫೦ ಸಿ.ಸಿ. ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದನು. ೧೯೬೬ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಅದೇ ಸಂಸ್ಥೆಯ ಗಾಡಿಯಿಂದ ೫೦೦ ಸಿ.ಸಿ. ವರ್ಗದ ಭಾರಿ ನಾಲ್ಕು ಸ್ಟ್ರೋಕಿನ ಗಾಡಿಗಳನ್ನೂ ಹಿಂದಿಕ್ಕಿದನು.

ಈ ಎಂಜಿನಿನಲ್ಲಿ ಕವಾಟಗಳಿಲ್ಲ. ೬೫ ಮಿ.ಮೀ. ವ್ಯಾಸದ ಪಿಸ್ಟನ್ನೇ ೭೫ ಮಿ.ಮೀ. ದೂರ ಮೇಲೆ ಕೆಳಗೆ ಸರಿಯುತ್ತ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಲೀಟರು ಪೆಟ್ರೋಲಿಗೆ ಸುಮಾರು ೪೦ ಮಿ.ಲೀ.ನಂತೆ ಬೆರೆಸುವ ಎಣ್ಣೆಯೇ ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಆಧಾರ. ಬಹುಕಾಲ ನಿಂತ ಗಾಡಿಯಲ್ಲಿ ಕ್ರ್ಯಾಂಕಿನ ಎಣ್ಣೆ ಸೀಲುಗಳು ಒಣಗಿ ಬಿರಿದಿರುತ್ತವೆ. ಅಲ್ಲಿಂದ ಗಾಳಿ ನುಸುಳಿದರೆ ಮಿಶ್ರಣ ತೆಳುವಾಗಿ, ಪಿಸ್ಟನ್ ಅತಿಯಾಗಿ ಕಾದು ಸೀಜ್ ಆಗುತ್ತದೆ. ಆದ್ದರಿಂದ ಬಣ್ಣಕ್ಕಿಂತ ಮೊದಲು ಸೀಲು, ಆಮೇಲೆ ಟ್ಯಾಂಕಿನ ಒಳಗಣ ತುಕ್ಕು. ಇಂದಿನ ಪೆಟ್ರೋಲಿನಲ್ಲಿ ಶೇಕಡ ೨೦ರವರೆಗೆ ಬೆರೆಸುವ ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಕಡಲತೀರದ ಮಳೆಗಾಲದಲ್ಲಿ ಗಾಡಿಯನ್ನು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡುವುದು ಮೇಲು.

ಇನ್ನು ಮಾರ್ಪಾಡಿನ ವಿಚಾರ. ಹಿಂದಿನ ಚಕ್ರಕ್ಕೆ ಹೆಚ್ಚು ಹಲ್ಲಿನ ಸ್ಪ್ರಾಕೆಟ್, ಗುಬುಟುಗಳುಳ್ಳ ಟೈರು, ಅಗಲವಾದ ಹ್ಯಾಂಡಲು, ಎತ್ತರದ ಮಡ್‌ಗಾರ್ಡು ಇವೆಲ್ಲ ಬಿಚ್ಚಿದರೆ ಮೊದಲಿನಂತಾಗುವ ಬದಲಾವಣೆಗಳು. ಚಾಸಿಸ್ ಕೊಯ್ಯುವುದು, ಸಿಲಿಂಡರಿನ ಕಿಂಡಿಯನ್ನು ಅರದಿಂದ ಉಜ್ಜಿ ಎತ್ತರಿಸುವುದು ಮಾತ್ರ ಮರಳಿ ಸರಿಪಡಿಸಲಾಗದವು. ಹೊಗೆಕಿಂಡಿಯನ್ನು ಎತ್ತರಿಸಿದರೆ ವೇಗದಲ್ಲಿ ಶಕ್ತಿ ಹೆಚ್ಚಬಹುದು. ಆದರೆ ಕೆಸರಿನಲ್ಲಿ ಬೇಕಾದ ನಿಧಾನದ ಎಳೆತ ಕುಗ್ಗುತ್ತದೆ.

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಡೆಯುತ್ತದೆ. ೨೦೨೧ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಿಂದ ೫೦ ವರ್ಷ ಮೀರಿ, ಚಾಸಿಸ್, ಎಂಜಿನು, ಹೊರಮೈಗಳು ಮೂಲರೂಪದಲ್ಲಿಯೇ ಉಳಿದ ವಾಹನಕ್ಕೆ ಪುರಾತನ ವಾಹನವೆಂಬ ಮನ್ನಣೆ ದೊರೆಯುತ್ತದೆ. ೧೯೭೩ರ ಯೆಜ್ಡಿಗಳು ಆ ವಯಸ್ಸನ್ನು ಈಗಾಗಲೇ ಮುಟ್ಟಿವೆ. ಕೊಯ್ದ ಗಾಡಿಗೆ ಆ ಮನ್ನಣೆಯಿಲ್ಲ.

ಆದಕಾರಣ ತರುಣರಲ್ಲಿ ಒಂದು ಮಾತು: ಬಿಚ್ಚಿದ ಪ್ರತಿಯೊಂದು ಭಾಗಕ್ಕೂ ಎಣ್ಣೆ ಸವರಿ, ಹೆಸರಿನ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಕಿಕ್ ಹೊಡೆಯುವ ಲಿವರೇ ಮಡಚಿದಾಗ ಗೇರಿನ ಲಿವರಾಗುವ ಜಾಣ್ಮೆಯನ್ನು ತಂದೆಯವರಿಂದಲೇ ಕೇಳಿ ಕಲಿಯಿರಿ. ಮೈಸೂರಿನ ಕಾರ್ಮಿಕರ ಕೈಗೆಲಸವೊಂದು ಗಡಿಯಾಚೆಯ ನಿಮ್ಮ ಅಂಗಳಕ್ಕೆ ಬಂದು ನಿಂತಿದೆ. ಅದನ್ನು ಓಡಿಸಿರಿ, ಆದರೆ ನಿಮ್ಮ ಮಕ್ಕಳೂ ಮೂಲರೂಪಕ್ಕೆ ತರಬಲ್ಲಂತೆ ಉಳಿಸಿರಿ.