ಶ್ವಾಸಕೋಶ ಕ್ಯಾನ್ಸರ್: ಹಂತ ನಿರ್ಣಯದಲ್ಲಿ ಶಸ್ತ್ರಕ್ರಿಯೆ

ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಬೀಡಿ ಸೇದುವ ಅಭ್ಯಾಸವಿದ್ದ ಒಬ್ಬರಿಗೆ ಬಹುದಿನಗಳ ಕೆಮ್ಮು, ಕಫದಲ್ಲಿ ರಕ್ತ ಎಂದಿಟ್ಟುಕೊಳ್ಳಿ. ಎಕ್ಸ್-ಕಿರಣ ಚಿತ್ರದಲ್ಲಿ ಕಂಡ ನೆರಳು ಕ್ಷಯದ್ದೇ, ಕ್ಯಾನ್ಸರಿನದೇ? ಎರಡೂ ಒಂದೇ ಬಗೆಯಲ್ಲಿ ಕಾಣಿಸಬಲ್ಲವು. ಕ್ಯಾನ್ಸರ್ ಇದ್ದೂ ಕ್ಷಯದ ಔಷಧಿ ಸೇವಿಸುತ್ತ ಅಮೂಲ್ಯ ತಿಂಗಳುಗಳನ್ನು ಕಳೆದುಕೊಳ್ಳುವ ರೋಗಿಗಳು ನಮ್ಮಲ್ಲಿ ಇದ್ದಾರೆ. ಅಂಗಾಂಶದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗಲೇ ಉತ್ತರ ಖಚಿತ. ಇದೇ ಬಯಾಪ್ಸಿ.

ಮುಂದಿನ ಪ್ರಶ್ನೆ: ಕ್ಯಾನ್ಸರ್ ಎಷ್ಟು ಹರಡಿದೆ? ಟಿ-ಎನ್-ಎಂ ಪದ್ಧತಿಯಲ್ಲಿ ‘ಟಿ’ ಗಡ್ಡೆಯ ಗಾತ್ರ ಮತ್ತು ವ್ಯಾಪ್ತಿಯನ್ನೂ ‘ಎನ್’ ದುಗ್ಧಗ್ರಂಥಿಗಳ ಸ್ಥಿತಿಯನ್ನೂ ‘ಎಂ’ ದೂರದ ಅಂಗಗಳಿಗೆ ಹರಡಿದ್ದನ್ನೂ ಸೂಚಿಸುತ್ತವೆ. ಗಡ್ಡೆಯಿರುವ ಶ್ವಾಸಕೋಶದ ಗ್ರಂಥಿಗಳಿಗೆ ಮಾತ್ರ ತಗುಲಿದ್ದರೆ ಎನ್1. ಎರಡು ಶ್ವಾಸಕೋಶಗಳ ನಡುವಿನ ಮಧ್ಯಾವಕಾಶದಲ್ಲಿ ಅದೇ ಬದಿಗೆ ಹರಡಿದ್ದರೆ ಎನ್2. ಎದುರು ಬದಿಗೆ ದಾಟಿದ್ದರೆ ಎನ್3. ಆಗ ಗಡ್ಡೆಯನ್ನು ಕತ್ತರಿಸಿ ತೆಗೆದು ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಪೆಟ್ ಸ್ಕ್ಯಾನ್ ಇದನ್ನು ಹೇಳಲಾರದೆ? ಅದರಲ್ಲಿ ಫ್ಲೋರಿನ್-18 ಸೇರಿಸಿದ ಗ್ಲೂಕೋಸನ್ನು ರೋಗಿಗೆ ಚುಚ್ಚುತ್ತಾರೆ. ಹೊರಬಿದ್ದ ಪಾಸಿಟ್ರಾನು ಎಲೆಕ್ಟ್ರಾನಿನೊಡನೆ ಲಯವಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಗಾಮಾ ಫೋಟಾನುಗಳು ವಿರುದ್ಧ ದಿಕ್ಕಿಗೆ ಹಾರುತ್ತವೆ. ಉಪಕರಣ ಅಳೆಯುವುದು ಗ್ಲೂಕೋಸ್ ಬಳಕೆಯನ್ನು, ಕ್ಯಾನ್ಸರನ್ನಲ್ಲ. ಕ್ಷಯದಿಂದ ಊದಿದ ಗ್ರಂಥಿಯೂ ಹೊಳೆಯುತ್ತದೆ. ಕೆಲವೇ ಮಿಲಿಮೀಟರ್ ಗಾತ್ರದ ಕ್ಯಾನ್ಸರ್ ಕಾಣದೆಯೂ ಹೋಗಬಹುದು.

ಆದ್ದರಿಂದ ಗ್ರಂಥಿಯನ್ನೇ ಪರೀಕ್ಷಿಸಬೇಕು. ಸ್ವೀಡನ್ನಿನ ಎರಿಕ್ ಕಾರ್ಲೆನ್ಸ್ 1959ರಲ್ಲಿ ವಿವರಿಸಿದ ಮೀಡಿಯಾಸ್ಟಿನೋಸ್ಕೋಪಿಯಲ್ಲಿ, ಅರಿವಳಿಕೆ ಕೊಟ್ಟು ಎದೆಮೂಳೆಯ ಮೇಲ್ತುದಿಯ ಬಳಿ ಸುಮಾರು 3 ಸೆಂ.ಮೀ. ಸೀಳಿ, ಶ್ವಾಸನಾಳದ ಗುಂಟ ನಳಿಕೆಯನ್ನು ಇಳಿಸಿ ಎರಡೂ ಬದಿಯ ಗ್ರಂಥಿಗಳ ಚೂರು ತೆಗೆಯುತ್ತಾರೆ. ಮಹಾಪಧಮನಿಯ ಕಮಾನಿನ ಪಕ್ಕದ ಗ್ರಂಥಿಗಳು ಈ ನಳಿಕೆಗೆ ಎಟುಕವು. ಅವಕ್ಕೆ ಎಡ ಎದೆಯ ಮುಂಭಾಗದಲ್ಲಿ ಪಕ್ಕೆಲುಬಿನ ಬಳಿ ಸಣ್ಣ ಸೀಳು ಬೇಕು. ಶ್ವಾಸಕೋಶದ ಹೊದಿಕೆಯನ್ನು ನೋಡಲು ಥೊರಾಕೋಸ್ಕೋಪಿ ಇದೆ. ಇದನ್ನು 1910ರಲ್ಲಿ ವರದಿ ಮಾಡಿದವರು ಸ್ವೀಡನ್ನಿನವರೇ ಆದ ಯಾಕೋಬಿಯಸ್.

ಇಂದು ಸಾಮಾನ್ಯವಾಗಿ ಮೊದಲ ಆಯ್ಕೆ ಸೀಳಿಲ್ಲದ ವಿಧಾನ: ತುದಿಯಲ್ಲಿ ಶ್ರವಣಾತೀತ ಧ್ವನಿಯ ಸಾಧನವಿರುವ ಬ್ರಾಂಕೋಸ್ಕೋಪನ್ನು ಶ್ವಾಸನಾಳದೊಳಗೆ ಇಳಿಸಿ, ಅದರ ಗೋಡೆಯ ಮೂಲಕ ಸೂಜಿ ಚುಚ್ಚುವುದು. ಅದರಲ್ಲಿ ಕ್ಯಾನ್ಸರ್ ಸಿಗದೆಯೂ ಸಂಶಯ ಬಲವಾಗಿದ್ದರೆ ಮೀಡಿಯಾಸ್ಟಿನೋಸ್ಕೋಪಿ ಈಗಲೂ ಅಗತ್ಯ.

ಹೊಳೆದ ಗ್ರಂಥಿ ಕೇವಲ ಕ್ಷಯದ್ದೆಂದು ತಿಳಿದರೆ, ‘ಶಸ್ತ್ರಕ್ರಿಯೆ ಸಾಧ್ಯವಿಲ್ಲ’ ಎನ್ನಿಸಿಕೊಳ್ಳಬಹುದಾಗಿದ್ದ ರೋಗಿಗೆ ಗುಣವಾಗುವ ಅವಕಾಶ ಉಳಿಯುತ್ತದೆ. ಚಿತ್ರ ಸುಳಿವು ಮಾತ್ರ, ತೀರ್ಪು ಅಂಗಾಂಶದ್ದು.