ತೊಗರಿ ಕಟ್ಟಿಗೆ ಒಲೆಗೋ, ಹೊಲಕ್ಕೋ?

ತೊಗರಿ ರಾಶಿ ಮುಗಿಯುತ್ತಿದ್ದಂತೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಕಟ್ಟಿಗೆಯ ಬಣವೆಗಳು ಏಳುತ್ತವೆ. ಒಂದಿಷ್ಟು ಒಲೆಗೆ, ಒಂದಿಷ್ಟು ಬೇಲಿಗೆ. ಉಳಿದದ್ದಕ್ಕೆ ಎಷ್ಟೋ ಕಡೆ ಹೊಲದಲ್ಲೇ ಬೆಂಕಿ. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕಟ್ಟಿಗೆಯ ಕಡೆ ಮಾತ್ರ ಯಾರೂ ಅಷ್ಟಾಗಿ ತಿರುಗಿ ನೋಡಿಲ್ಲ.

ನೋಡಬೇಕಾದವರು ಇಕಾಲಜಿಕಲ್ ಎಂಜಿನಿಯರಿಂಗ್ ಮತ್ತು ನವೀಕರಿಸಬಹುದಾದ ಶಕ್ತಿಯನ್ನು ಸ್ನಾತಕೋತ್ತರ ಮಟ್ಟದಲ್ಲಿ ಓದುವ ವಿದ್ಯಾರ್ಥಿಗಳು. ಇಕಾಲಜಿಕಲ್ ಎಂಜಿನಿಯರಿಂಗ್ 1960ರ ದಶಕದಲ್ಲಿ ಅಮೆರಿಕದ ಹೊವಾರ್ಡ್ ಟಿ. ಓಡಮ್ ಅಡಿಪಾಯ ಹಾಕಿದ ವಿಷಯ. ಸಿಮೆಂಟು, ಪಂಪುಗಳೇ ಮಾಡಬೇಕೆಂದುಕೊಂಡ ಕೆಲಸವನ್ನು ಗಿಡ, ಮಣ್ಣು, ಸೂಕ್ಷ್ಮಜೀವಿಗಳಿಂದ ಮಾಡಿಸುವುದು ಇದರ ತಿರುಳು. ಊರ ಚರಂಡಿ ನೀರನ್ನು ಭೀಮಾ ನದಿಗೆ ನೇರ ಬಿಡದೆ, ಜೊಂಡು ಬೆಳೆದ ಜೌಗಿನಲ್ಲಿ ಹಾಯಿಸಿ ತಿಳಿಯಾಗಿಸುವುದು ಒಂದು ಉದಾಹರಣೆ.

ಕಟ್ಟಿಗೆಯ ವಿಷಯಕ್ಕೆ ಬರೋಣ. ಗ್ಯಾಸಿಫೈಯರ್‌ನಲ್ಲಿ ಸಾಲದಷ್ಟು ಗಾಳಿ ಕೊಟ್ಟು ಕಾಯಿಸಿದರೆ ಅದು ಪೂರ್ತಿ ಉರಿಯದೆ ಹೈಡ್ರೋಜನ್, ಕಾರ್ಬನ್ ಮಾನಾಕ್ಸೈಡ್ ಇರುವ ಅನಿಲವಾಗುತ್ತದೆ. ಅದರಿಂದ ಎಂಜಿನ್ ಓಡಿಸಿ ವಿದ್ಯುತ್ ಪಡೆಯಬಹುದು. ಶಕ್ತಿಯ ಲೆಕ್ಕ ಇಲ್ಲಿಗೆ ಮುಗಿಯಿತು, ಮಣ್ಣಿನ ಲೆಕ್ಕ ಶುರುವಾಯಿತು. ಎರೆಭೂಮಿಯಲ್ಲಿ ಸಾವಯವ ಇಂಗಾಲ ಮೊದಲೇ ಕಡಿಮೆ. ತೊಗರಿ ಬೇರಿನ ಗಂಟುಗಳು ಸಾರಜನಕ ಹಿಡಿದಿಡುತ್ತವೆ, ಉದುರಿದ ಎಲೆ ಗೊಬ್ಬರವಾಗುತ್ತದೆ ನಿಜ. ಆದರೆ ಕಟ್ಟಿಗೆಯೆಲ್ಲ ವರ್ಷವರ್ಷವೂ ಹೊಲ ಬಿಟ್ಟು ಹೋದರೆ ಭೂಮಿಗೆ ಏನು ಉಳಿಯಿತು? ಎಷ್ಟು ಎತ್ತಬೇಕು, ಎಷ್ಟು ಬಿಡಬೇಕು? ಗ್ಯಾಸಿಫೈಯರ್‌ನಲ್ಲಿ ಕೊನೆಗೆ ಉಳಿಯುವ ಇದ್ದಿಲ ಪುಡಿಯನ್ನು ಹೊಲಕ್ಕೆ ಮರಳಿಸಿದರೆ ತೇವ ಎಷ್ಟು ದಿನ ನಿಲ್ಲುತ್ತದೆ? ಕಟ್ಟಿಗೆ ಹಗುರ, ಗಾತ್ರ ದೊಡ್ಡದು. ಟ್ರ್ಯಾಕ್ಟರ್ ಬಾಡಿಗೆಯೇ ಲಾಭ ನುಂಗದಂತೆ ಘಟಕ ಎಲ್ಲಿರಬೇಕು? ಒಂದು ಎಂ.ಟೆಕ್ ಪ್ರಬಂಧಕ್ಕೆ ಇಷ್ಟು ಸಾಕು.

ಬೆಳೆಯ ಉಳಿಕೆಯಿಂದ ವಿದ್ಯುತ್ ಇಲ್ಲಿಗೆ ಹೊಸದೇನಲ್ಲ. ಅಫಜಲಪುರ ತಾಲ್ಲೂಕಿನ ಹವಳಗಾ, ಆಳಂದ ತಾಲ್ಲೂಕಿನ ಭೂಸನೂರಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಸುಟ್ಟು ವಿದ್ಯುತ್ ಮಾಡುತ್ತಾರೆ. ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆ.ಜಿ. ಸಿಪ್ಪೆ, ಅದರಲ್ಲಿ ಅರ್ಧದಷ್ಟು ನೀರೇ.

ಬಿಸಿಲಿಗಂತೂ ಇಲ್ಲಿ ಬರವಿಲ್ಲ. ಹಾಗೆಂದು ಬಿಸಿಲು ಏರಿದಷ್ಟೂ ಸೌರ ವಿದ್ಯುತ್ ಏರುವುದಿಲ್ಲ. ಫಲಕದ ಸಾಮರ್ಥ್ಯ ಅಳೆಯುವುದು 25 ಡಿಗ್ರಿಯಲ್ಲಿ. ಸಾಮಾನ್ಯ ಸಿಲಿಕಾನ್ ಫಲಕ ಅದಕ್ಕಿಂತ ಬಿಸಿಯಾದಂತೆ ಪ್ರತಿ ಡಿಗ್ರಿಗೆ ಸುಮಾರು ಶೇ 0.4ರಷ್ಟು ಸೊರಗುತ್ತದೆ. ಮೇ ತಿಂಗಳ ಮಧ್ಯಾಹ್ನ ಅದು 65 ಡಿಗ್ರಿ ಮುಟ್ಟಿದರೆ ಶೇ 16ರಷ್ಟು ಖೋತಾ. ಮೇಲೆ ದೂಳು, ಕೆಳಗೆ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಎರೆಮಣ್ಣು. ಜೇವರ್ಗಿಯ ಹೊಲದಲ್ಲಿ ಫಲಕದ ಕಂಬ ನೆಡುವವರಿಗೆ ಈ ಮಣ್ಣಿನ ಗುಣ ತಿಳಿದಿರಲೇಬೇಕು.

ಇಂಥ ಅಧ್ಯಯನಕ್ಕೆ ಕರ್ನಾಟಕದಲ್ಲೇ ದೊಡ್ಡ ಮಾದರಿಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ಒಯ್ಯುವ ‘ಅಸ್ತ್ರ’ ಕೇಂದ್ರ ಹುಟ್ಟಿತು. 1987ರ ಹೊತ್ತಿಗೆ ಅದರ ನೆರವಿನಿಂದ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಗಣಿ ಅನಿಲದ ಎಂಜಿನ್ ಊರಿಗೆ ದೀಪ, ನೀರು ಕೊಡತೊಡಗಿತು. ಅನಿಲ ತೆಗೆದ ಬಗ್ಗಡ ಗೊಬ್ಬರವಾಗಿ ಸಗಣಿ ತಂದವರಿಗೇ ಮರಳುತ್ತಿತ್ತು. ಮಣ್ಣಿಗೆ ಸೇರಬೇಕಾದ್ದು ಮಣ್ಣಿಗೇ ಸೇರುತ್ತಿತ್ತು. ತೊಗರಿ ನಾಡಿಗೂ ಇದೇ ದಾರಿ ಸರಿ.

ಓದುವುದೆಲ್ಲಿ? ಇದೇ ಹೆಸರಿನ ಕೋರ್ಸನ್ನೇ ಹುಡುಕುತ್ತ ಕೂರಬೇಕಿಲ್ಲ. ಕಲಬುರಗಿಯ ಪಿಡಿಎ ಕಾಲೇಜಿನ ಪರಿಸರ ಎಂಜಿನಿಯರಿಂಗ್, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಮಣ್ಣು ಮತ್ತು ನೀರು ಎಂಜಿನಿಯರಿಂಗ್ ಹತ್ತಿರದ ದಾರಿಗಳು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿಗೆ ಸಿಯುಇಟಿ-ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು. ಎಂ.ಟೆಕ್‌ಗೆ ಗೇಟ್ ಅರ್ಹತೆಯ ಮೇಲೆ ಸೇರಿದವರಿಗೆ ಎಐಸಿಟಿಇ ಮಾನ್ಯ ಕಾಲೇಜುಗಳಲ್ಲಿ ತಿಂಗಳಿಗೆ ₹12,400 ವಿದ್ಯಾರ್ಥಿವೇತನ ಸಿಗುತ್ತದೆ.

ಈ ಮೂರು ತಾಲ್ಲೂಕುಗಳ ಬಿ.ಇ. ವಿದ್ಯಾರ್ಥಿಗಳು ಇನ್ನೊಂದು ಸಂಗತಿ ಮರೆಯಬಾರದು. ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ಪಿಜಿಸಿಇಟಿ ಅರ್ಜಿ ತುಂಬುವ ಮೊದಲೇ ಸಹಾಯಕ ಆಯುಕ್ತರ ಕಚೇರಿಗೆ ಅಲೆದಾದರೂ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ.